ಚುಚ್ಚಿದ ಕೈ ಫೋನ್ ಎತ್ತಲಿ

ಕಣ್ಣಿನ ಕೆಳಗಿನ ಗುಳಿ ತುಂಬಲು ಫಿಲ್ಲರ್ ಚುಚ್ಚಿಸಿಕೊಂಡು ಬಂದ ಹೆಣ್ಣುಮಗಳೊಬ್ಬಳ ರೆಪ್ಪೆ ಬೆಳಗಾಗುವುದರೊಳಗೆ ಊದಿಕೊಂಡಿದೆ ಅನ್ನಿ. ಮನೆಯಲ್ಲಿ ಮೊದಲು ಏಳುವ ಮಾತು, "ಯಾರು ಹೇಳಿದ್ರು ನಿಂಗೆ ಇದೆಲ್ಲ ಮಾಡಿಸ್ಕೊ ಅಂತ?" ಅದರ ಬೆನ್ನಿಗೇ, "ಎಷ್ಟು ದುಡ್ಡು ಸುರಿದು ಬಂದೆ?" ಆಮೇಲೆ ದನಿ ತಗ್ಗಿಸಿ, "ಯಾರಾದ್ರೂ ಕೇಳಿದ್ರೆ ಹುಳ ಕಚ್ತು ಅಂದ್ಬಿಡು." ಅಷ್ಟರಲ್ಲಿ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೂ ಆಗಿರುತ್ತದೆ. ಆ ಕಣ್ಣಿಗೆ ಬೇಕಾಗಿದ್ದ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಚುಚ್ಚಿಸಿಕೊಂಡು ಎಷ್ಟು ಹೊತ್ತಾಯಿತು? ಒಳಗೆ ಹೋಗಿರುವುದು ಯಾವ ಮದ್ದು? ನೋವಿದೆಯೇ? ಇನ್ನೊಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ನೋಡು, ಈ ಕಣ್ಣು ಕಾಣಿಸುತ್ತಿದೆಯೇ?

ಈ ನಾಲ್ಕು ಪ್ರಶ್ನೆಗಳನ್ನು ಕೇಳುವವರು ಮನೆಗೊಬ್ಬರು ಬೇಕು, ಆಸ್ಪತ್ರೆಗೊಬ್ಬರು ಬೇಕು, ಮುಖ್ಯವಾಗಿ ಚುಚ್ಚಿದ ಕಡೆ ಒಬ್ಬರು ಬೇಕು. ನನ್ನ ಕರೆ ಅಷ್ಟೇ. ಆದರೆ ಅಷ್ಟು ಕೇಳುವುದಕ್ಕೂ ನಾವು ದಾಟಬೇಕಾದ ಸಂಕೋಚ ದೊಡ್ಡದು.

ಕುಣಿಗಲ್ ಕಡೆಯ ನಮ್ಮ ಹುತ್ರಿದುರ್ಗದಲ್ಲಿ ಯಾರಿಗಪ್ಪ ಫಿಲ್ಲರ್ ಎಂದು ನಗುವವರಿದ್ದಾರೆ. ನಗಲಿ. ಶನಿವಾರ, ಭಾನುವಾರ ಬೆಂಗಳೂರಿನ ಹುಡುಗ ಹುಡುಗಿಯರು ಸಂತೇಪೇಟೆಯಲ್ಲಿ ಗಾಡಿ ನಿಲ್ಲಿಸಿ, ಕೆಂಪೇಗೌಡರ ಹೆಸರು ಹೊತ್ತ ಕೋಟೆಯ ಬಾಗಿಲುಗಳನ್ನು ದಾಟಿ, ಶಂಕರೇಶ್ವರನ ಗುಡಿಯವರೆಗೆ ಹತ್ತಿ, ಬಂಡೆಯ ಮೇಲೆ ನಿಂತು ತಮ್ಮ ಮುಖಕ್ಕೆ ತಾವೇ ಮೊಬೈಲ್ ಹಿಡಿದು ಇಳಿಯುತ್ತಾರೆ. ಅದೇ ಬೆಂಗಳೂರಿಗೆ ನಮ್ಮ ಹೋಬಳಿಯ ಮಕ್ಕಳು ಓದಲು ಹೋಗುತ್ತಾರೆ, ದುಡಿಯಲು ಹೋಗುತ್ತಾರೆ, ಪಿಜಿಗಳಲ್ಲಿ ಇರುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಅದೇ ಮೊಬೈಲ್, ಅದರಲ್ಲಿ ಬರುವುದು ಅದೇ ಜಾಹೀರಾತು. ಕುಣಿಗಲ್‌ನಿಂದ ಬೆಂಗಳೂರು ಹೆಚ್ಚೆಂದರೆ 70 ಕಿಲೋಮೀಟರ್. ಹೋಗುವಾಗ ಆ ದೂರ ಲೆಕ್ಕಕ್ಕೆ ಬರುವುದಿಲ್ಲ. ಚುಚ್ಚಿಸಿಕೊಂಡು ಊರಿಗೆ ಬಂದು, ಅರ್ಧರಾತ್ರಿಯಲ್ಲಿ ಕಣ್ಣು ನೋಯಲು ಶುರುವಾದಾಗ ಅದು ಎಷ್ಟು ದೂರ ಎಂಬುದು ಗೊತ್ತಾಗುತ್ತದೆ.

ಇನ್ನು ಆ ಹೆಣ್ಣುಮಗಳು ಚುಚ್ಚಿಸಿಕೊಳ್ಳಲು ಯಾಕೆ ಹೋದಳು ಎಂಬ ಮಾತು. ಇನ್‌ಸ್ಟಾಗ್ರಾಮ್ ಕೆಡಿಸಿತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಹುಡುಗಿ ಲಕ್ಷಣವಾಗಿದ್ದಾಳೆ, ಕಣ್ಣು ಸ್ವಲ್ಪ ಗುಳಿ ಬಿದ್ದಂಗಿದೆ" ಎಂದದ್ದು ಯಾವ ಮೊಬೈಲ್‌ನಲ್ಲೂ ಬಂದದ್ದಲ್ಲ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್ ವ್ಯಾನ್ ಹತ್ತಿ, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವಳ ಕಣ್ಣ ಕೆಳಗೆ ಗುಳಿ ಬೀಳದೆ ಇನ್ನೇನಾದೀತು? ನಿದ್ದೆ ಕೊಡಲಿಲ್ಲ, ಹೊಟ್ಟೆ ತುಂಬ ಸೊಪ್ಪು ತರಕಾರಿ ಕೊಡಲಿಲ್ಲ, ಗುಳಿಯನ್ನು ಮಾತ್ರ ಎತ್ತಿ ಆಡಿದೆವು. ಅದನ್ನು ತುಂಬಿಸಿಕೊಡುತ್ತೇವೆ ಎಂದು ಒಬ್ಬರು ಬೋರ್ಡು ಹಾಕಿದಾಗ ಆಕೆ ಹೋದಳು. ಹೋದದ್ದು ಸರಿಯೋ ತಪ್ಪೋ ಎಂಬ ಪಂಚಾಯಿತಿ ಊತ ಇಳಿದ ಮೇಲೆ ನಡೆಯಲಿ, ಅಥವಾ ನಡೆಯದೇ ಇರಲಿ.

ಒಳಗೆ ಹೋಗುವುದಾದರೂ ಏನು? ಈಗ ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್ ಎಂಬ ಲೋಳೆಯಂಥ ಪದಾರ್ಥ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಗುಡ್ಡೆಯ ಒಳಗಿನ ಲೋಳೆಯಿಂದ. ನಮ್ಮ ಕಣ್ಣು, ಕೀಲು, ಚರ್ಮಗಳಲ್ಲಿ ಇದು ಹುಟ್ಟಿನಿಂದಲೇ ಇರುತ್ತದೆ. ಫಿಲ್ಲರ್ ಕಂಪನಿಗಳು ಇದೇ ಪದಾರ್ಥವನ್ನು ತಯಾರಿಸಿ, ಬೇಗ ಕರಗದಂತೆ ಎಳೆಗಳನ್ನು ಒಂದಕ್ಕೊಂದು ಬೆಸೆದು, ಸಾಮಾನ್ಯವಾಗಿ 1 ಮಿಲಿಲೀಟರ್ ಸಿರಿಂಜ್‌ನಲ್ಲಿ ತುಂಬಿ ಮಾರುತ್ತವೆ. ಒಂದು ಟೀ ಚಮಚದ ಐದನೆಯ ಒಂದು ಭಾಗ, ಅಷ್ಟೇ. ಆದರೆ ಅದರ ಗುಣವೇ ನೀರು ಹಿಡಿಯುವುದು. ನೆನೆಹಾಕಿದ ಅವಲಕ್ಕಿಯ ಹಾಗೆ ಅದು ಸುತ್ತಲಿನ ನೀರನ್ನು ಹೀರಿ ಉಬ್ಬುತ್ತದೆ. ಕೆನ್ನೆಯಲ್ಲಿ ಅಷ್ಟು ಉಬ್ಬಿದರೆ ಗೊತ್ತಾಗದು. ರೆಪ್ಪೆಯ ಚರ್ಮ ಅರ್ಧ ಮಿಲಿಮೀಟರ್ ದಪ್ಪವೂ ಇರುವುದು ಕಷ್ಟ, ದೇಹದಲ್ಲೇ ತೀರ ತೆಳುವಾದದ್ದು. ಅಲ್ಲಿ ಹನಿ ಹೆಚ್ಚಾದರೂ ಕಾಣುತ್ತದೆ.

ಹಾಗಾಗಿ ಊತವೆಲ್ಲ ಒಂದೇ ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮನೆಯವರು ದಾರಿ ತಪ್ಪುವುದು ಇಲ್ಲೇ.

ಸೂಜಿ ಚುಚ್ಚಿದ ದಿನ, ಮಾರನೆಯ ದಿನ ಕಾಣುವ ಸಾಧಾರಣ ಊತ, ಸ್ವಲ್ಪ ನೀಲಿಗಟ್ಟುವುದು, ಇವು ಗಾಬರಿಯ ವಿಷಯವಲ್ಲ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯದನ್ನು ಆಗಾಗ ಮೆಲ್ಲಗೆ ಇಡುವುದು, ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗುವುದು, ಉಜ್ಜದೆ ತಿಕ್ಕದೆ ಬಿಡುವುದು, ಇಷ್ಟರಲ್ಲೇ ಕೆಲವು ದಿನಗಳಲ್ಲಿ ಇಳಿಯುತ್ತದೆ. ತುರಿಕೆ ಜೊತೆಗೆ ಎರಡೂ ರೆಪ್ಪೆ, ತುಟಿ ಊದಿಕೊಂಡರೆ ಅದು ಅಲರ್ಜಿ. ವೈದ್ಯರು ಅಲರ್ಜಿಯ ಮಾತ್ರೆ ಕೊಡುತ್ತಾರೆ, ಬೇಕಾದರೆ ಕೆಲವು ದಿನ ಸ್ಟೀರಾಯ್ಡ್ ಕೊಡುತ್ತಾರೆ. ನಾಲಿಗೆ ದಪ್ಪವಾಗಿ ಉಸಿರು ಕಟ್ಟಿದರೆ ಅದು ರೆಪ್ಪೆಯ ಮಾತಲ್ಲ, ಪ್ರಾಣದ ಮಾತು. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಅದೂ ಆ ಕ್ಷಣದಲ್ಲಿ.

ಇನ್ನೊಂದು ಬಗೆ ಇದೆ, ತಿಂಗಳುಗಟ್ಟಲೆ ಕಾಡುವಂಥದ್ದು. ಕೆಳರೆಪ್ಪೆಗೂ ಕೆನ್ನೆಗೂ ನಡುವೆ ತೆಳುವಾದ ಪೊರೆಯೊಂದು ಅಡ್ಡಗೋಡೆಯಂತೆ ಇರುವುದನ್ನು 1997ರಲ್ಲಿ ಪೆಸ್ಸಾ ಮತ್ತು ಗಾರ್ಜಾ ಎಂಬ ವೈದ್ಯರು ವಿವರಿಸಿದರು. ಫಿಲ್ಲರ್ ಆ ಪೊರೆಯ ಮೇಲ್ಭಾಗದಲ್ಲಿ ಕೂತರೆ ದುಗ್ಧರಸ ಹರಿದುಹೋಗುವ ದಾರಿ ಕಟ್ಟುತ್ತದೆ. ಆಗ ಬೆಳಿಗ್ಗೆ ಎದ್ದಾಗ ಹೆಚ್ಚು, ಸಂಜೆಗೆ ಸ್ವಲ್ಪ ಕಡಿಮೆ, ಮತ್ತೆ ಮರುದಿನ ಅಷ್ಟೇ. ಐಸ್ ಇಟ್ಟರೆ ಹೋಗದು, ನೀರಿನ ಮಾತ್ರೆ ನುಂಗಿದರೆ ಹೋಗದು. ವರ್ಷಗಳ ಬಳಿಕ, ಒಂದು ಹಲ್ಲಿನ ಸೋಂಕಿಗೋ ಜ್ವರಕ್ಕೋ ಲಸಿಕೆಗೋ ಕೆರಳಿ ಹಳೆಯ ಫಿಲ್ಲರ್ ಊದಿಕೊಳ್ಳುವುದೂ ಉಂಟು. 2020ರ ಕೊನೆಯಲ್ಲಿ ಮಾಡರ್ನಾ ಕಂಪನಿಯ ಕೋವಿಡ್ ಲಸಿಕೆಯ ಪರೀಕ್ಷೆಯಲ್ಲಿ, ಮೊದಲೇ ಫಿಲ್ಲರ್ ಹಾಕಿಸಿಕೊಂಡಿದ್ದ ಕೆಲವರ ಮುಖ ಊದಿಕೊಂಡದ್ದು ದಾಖಲಾಗಿತ್ತು. ಆರು ತಿಂಗಳಲ್ಲಿ ಕರಗಿಹೋಗುತ್ತದೆ ಎಂದು ಹೇಳಿ ಕಳಿಸಿದ್ದು ವರ್ಷಗಳ ನಂತರ ಎಂಆರ್‌ಐಯಲ್ಲಿ ಹಾಗೆಯೇ ಕೂತಿರುವುದು ಕಂಡಿದೆ. ಹೀಗಾಗಿ "ಹಳೇದು ಅಲ್ವಾ, ಅದ್ಯಾಕೆ ಹೇಳ್ಬೇಕು" ಎಂದು ಡಾಕ್ಟರ ಮುಂದೆ ಮುಚ್ಚಿಟ್ಟರೆ, ಅವರು ಮೂತ್ರಪಿಂಡದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಎಂದು ಬರೆಯುತ್ತಾ ಹೋಗುತ್ತಾರೆ. ತಪ್ಪು ಅವರದಲ್ಲ. ರೆಪ್ಪೆ ಊದುವುದಕ್ಕೆ ಆ ಕಾರಣಗಳೂ ಇವೆ.

ಈ ಬಗೆಯ ಊತಕ್ಕೆ ಮದ್ದು ಇದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಹಯಲುರಾನಿಡೇಸ್ ಎಂಬ ಕಿಣ್ವವನ್ನು ಆ ಜಾಗಕ್ಕೆ ಚುಚ್ಚಿದರೆ ಫಿಲ್ಲರ್ ಕರಗುತ್ತದೆ. ಬಹುಪಾಲು ಒಂದೆರಡು ದಿನದಲ್ಲೇ ವ್ಯತ್ಯಾಸ ಕಾಣುತ್ತದೆ, ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತದೆ. ಜೇನು ಕಚ್ಚಿದರೆ ಮೈಯೆಲ್ಲ ಊದುವ ಜಾಯಮಾನದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಯಾಕೆಂದರೆ ಜೇನಿನ ವಿಷದಲ್ಲೂ ಇದೇ ಜಾತಿಯ ಕಿಣ್ವವಿದೆ. ಆದರೆ ಚುಚ್ಚಿದ್ದು ಹಯಲುರಾನಿಕ್ ಆಸಿಡ್ ಆಗಿದ್ದರೆ ಮಾತ್ರ ಈ ಮದ್ದು ನಾಟುತ್ತದೆ. ಕ್ಯಾಲ್ಸಿಯಂ ಇರುವ ಫಿಲ್ಲರ್‌ಗೆ, ಸಿಲಿಕೋನ್‌ಗೆ ಇದು ಏನೂ ಮಾಡದು. "ಯಾವ ಮದ್ದು?" ಎಂಬ ಪ್ರಶ್ನೆಗೆ ಅಷ್ಟು ತೂಕ ಇರುವುದು ಇದಕ್ಕೇ. ಫಿಲ್ಲರ್ ಡಬ್ಬಿಯಲ್ಲಿ ಹೆಸರು, ಬ್ಯಾಚ್ ಸಂಖ್ಯೆ ಇರುವ ಚೀಟಿ ಅಂಟಿರುತ್ತದೆ. ಅದನ್ನು ಕಿತ್ತು ಕೈಗೆ ಕೊಡಿ ಎಂದು ಕೇಳುವುದು ಹಕ್ಕು. ಕೊಡಲು ಹಿಂಜರಿದರೆ ಆ ಕುರ್ಚಿಯಿಂದ ಎದ್ದು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ.

ಇನ್ನು ಕಾಯಬಾರದ ಊತ. ಚುಚ್ಚಿದ ಕೂಡಲೇ ಅಥವಾ ಕೆಲವು ಗಂಟೆಗಳಲ್ಲಿ ತಡೆಯಲಾಗದ ನೋವು, ಚರ್ಮ ಬಿಳುಚಿಕೊಂಡು ಆಮೇಲೆ ಬಲೆಯಂತೆ ನೀಲಿ ಕೆಂಪು ಮಚ್ಚೆ, ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ಇವು ಫಿಲ್ಲರ್ ರಕ್ತನಾಳದೊಳಗೆ ಹೊಕ್ಕಿರುವ ಗುರುತು. ಹುಬ್ಬುಗಳ ನಡುವೆ, ಮೂಗಿನ ಮೇಲೆ, ಕಣ್ಣಿನ ಸುತ್ತ ಇರುವ ಸಣ್ಣ ನಾಳಗಳು ಒಳಗೆ ಕಣ್ಣಿನ ನಾಳಕ್ಕೇ ಸೇರುತ್ತವೆ. ಸೂಜಿಯ ಒತ್ತಡಕ್ಕೆ ಫಿಲ್ಲರ್ ಹಿಂದಕ್ಕೆ ಹರಿದು ಅಕ್ಷಿಪಟಲದ ರಕ್ತವನ್ನೇ ಕಟ್ಟಿಬಿಡಬಹುದು. ರಕ್ತ ನಿಂತ ಅಕ್ಷಿಪಟಲ ತಾಳುವುದು ಸುಮಾರು 90 ನಿಮಿಷ. ಹೋದ ದೃಷ್ಟಿ ಮರಳಿ ಬಂದದ್ದು ಅಪರೂಪ. ಚರ್ಮ ಬಿಳುಚಿದ್ದರೆ ಐಸ್ ಇಡಬೇಡಿ, ಅದು ನಾಳವನ್ನು ಇನ್ನಷ್ಟು ಬಿಗಿಯುತ್ತದೆ. 2015ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಅಪಾಯದ ಬಗ್ಗೆ ಬಹಿರಂಗ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಸೂಜಿಯಿಲ್ಲದೆ ಒತ್ತಡದಿಂದ ಫಿಲ್ಲರ್ ನುಗ್ಗಿಸುವ ಪೆನ್ನುಗಳನ್ನು ಬಳಸಲೇಬೇಡಿ ಎಂದಿತು. ಊತದ ಜೊತೆಗೆ ಜ್ವರ, ರೆಪ್ಪೆ ಕೆಂಪಾಗಿ ಬಿಸಿಯಾಗುವುದು, ಕಣ್ಣು ಹೊರಳಿಸಿದರೆ ನೋವು, ಕಣ್ಣಗುಡ್ಡೆ ಮುಂದೆ ಬಂದಂತಾಗುವುದು ಕಂಡರೆ ಸೋಂಕು ಕಣ್ಣಿನ ಗೂಡಿಗೆ ಇಳಿದಿರಬಹುದು. ಅದಕ್ಕೆ ಆಸ್ಪತ್ರೆಗೆ ಸೇರಿ ಆ್ಯಂಟಿಬಯಾಟಿಕ್ ಬೇಕು. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಾತ್ರೆ ಊತವನ್ನು ಇಳಿಸಿದಂತೆ ಮಾಡಿ ಸೋಂಕನ್ನು ಒಳಗೇ ಬೆಳೆಸುತ್ತದೆ. ಎದೆಹಾಲು, ನಂದಿಬಟ್ಟಲ ರಸ, ಹರಳೆಣ್ಣೆ, ಇವನ್ನು ಹಾಕುವ ಅಜ್ಜಿಯರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಈ ಕಣ್ಣಿಗೆ ಮಾತ್ರ ಬೇಡ.

(ಹಳ್ಳಿಯ ಓದುಗರಿಗೆ ಒಂದು ಪಕ್ಕದ ಮಾತು: ರೆಪ್ಪೆ ಊದುವುದು ಬೇರೆ, ಜೋಲುವುದು ಬೇರೆ. ನೆಲದ ಮೇಲೆ ಮಲಗಿದ್ದವರು ಬೆಳಿಗ್ಗೆ ರೆಪ್ಪೆ ಎತ್ತಲಾಗದೆ ಎದ್ದರೆ ಕಟ್ಟುಹಾವಿನ ಕಡಿತ ಇರಬಹುದು, ಗಾಯವೇ ಕಾಣದಿದ್ದರೂ. ಬೋಟಾಕ್ಸ್ ಜಾಗ ತಪ್ಪಿ ಹರಡಿದರೂ ರೆಪ್ಪೆ ಜೋಲುತ್ತದೆ. ಅದು ವಾರಗಳಲ್ಲಿ ತಾನೇ ಸರಿಹೋಗುವಂಥದ್ದು. ಮೊದಲನೆಯದು ಗಂಟೆಗಳ ವಿಷಯ.)

ಮದ್ದು ಇದೆ, ಗುರುತುಗಳು ಗೊತ್ತಿವೆ, ದಾರಿಯೂ ಇದೆ. ಮತ್ತೆ ಅಡ್ಡ ಬರುವುದು ಏನು? ಮಾತು ಮುಚ್ಚಿಡುವ ನಮ್ಮ ಚಾಳಿ.

2022ರ ಮೇ 16ರಂದು ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ವಯಸ್ಸು 21. ಮನೆಯವರಿಗೆ ತಿಳಿಸದೆ ಆಕೆ ಚಿಕಿತ್ಸೆಗೆ ಹೋಗಿದ್ದರೆಂದು ಆಗ ವರದಿಯಾಯಿತು. ಫಿಲ್ಲರ್ ಬೇರೆ, ಶಸ್ತ್ರಚಿಕಿತ್ಸೆ ಬೇರೆ, ಒಪ್ಪುತ್ತೇನೆ. ಆದರೆ 21 ವರ್ಷದ ಮಗಳು ಹೆತ್ತವರಿಗೆ ಹೇಳದೆ ಆಪರೇಷನ್ ಟೇಬಲ್ ಮೇಲೆ ಮಲಗಿದ್ದು ಯಾಕೆ ಎಂಬ ಪ್ರಶ್ನೆ ಆ ಮನೆಯೊಂದಕ್ಕೆ ಸೇರಿದ್ದಲ್ಲ. ಅದೇ ವರ್ಷದ ಜೂನ್‌ನಲ್ಲಿ ನಟಿ ಸ್ವಾತಿ ಸತೀಶ್ ಅವರ ಮುಖ, ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಂಡ ನಂತರ, ಗುರುತು ಸಿಗದಷ್ಟು ಊದಿಕೊಂಡ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅಯ್ಯೋ ಪಾಪ ಎಂದೆವು. ಅನ್ನಲೇಬೇಕಿತ್ತು. ಅದೇ ಊತ ತುಟಿಗೋ ಕಣ್ಣ ಕೆಳಗೋ ಫಿಲ್ಲರ್ ಹಾಕಿಸಿ ಬಂದಿದ್ದರೆ ನಾವು ಏನು ಅನ್ನುತ್ತಿದ್ದೆವು? ಎದೆ ಮುಟ್ಟಿಕೊಂಡು ಹೇಳಿ. ಹಲ್ಲುನೋವಿನವಳಿಗೆ ಕನಿಕರ, ಚೆಂದಕ್ಕೆ ಆಸೆಪಟ್ಟವಳಿಗೆ ಶಿಕ್ಷೆ. ರೆಪ್ಪೆಯೊಳಗೆ ಕಟ್ಟಿದ ನೀರಿಗೆ ಈ ಭೇದ ಗೊತ್ತಿಲ್ಲ. ಆ ಶಿಕ್ಷೆಗೆ ಹೆದರಿಯೇ ಹುಡುಗಿ ಬಾಗಿಲು ಹಾಕಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ತೊಂಬತ್ತು ನಿಮಿಷಗಳನ್ನು ಕನ್ನಡಿ ಮುಂದೆ ಕಳೆಯುತ್ತಾಳೆ.

ಚುಚ್ಚುವವರೇ, ಈಗ ನಿಮಗೆ. ನೀವು ಓದಿದ ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿದ್ದರೆ ನಾನು ಹೇಳುವ ವೈದ್ಯಶಾಸ್ತ್ರವೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಹಯಲುರಾನಿಡೇಸ್ ಒಂದು ವಯಲ್ ಕೂಡ ಇಟ್ಟುಕೊಳ್ಳದೆ ಸಿರಿಂಜ್ ಎತ್ತುವವರಿದ್ದರೆ, ಅವರ ಗೋಡೆಯ ಪದವಿ ಯಾರನ್ನೂ ಕಾಯದು. ಒಂದು ಫಿಲ್ಲರ್ ಸಿರಿಂಜ್‌ಗೆ ನೀವು ವಸೂಲಿ ಮಾಡುವ ಹಣದ ಮುಂದೆ ಆ ವಯಲ್‌ನ ಬೆಲೆ ಏನೂ ಅಲ್ಲ. ಸಂಜೆ ಏಳಕ್ಕೆ ರಿಸೆಪ್ಷನ್ ಫೋನ್ ಮುಚ್ಚಿಹೋದರೆ, ರಾತ್ರಿ ಹನ್ನೊಂದಕ್ಕೆ ಕುಣಿಗಲ್ ಕಡೆಯ ಹಳ್ಳಿಯಿಂದ ಫೋಟೋ ಕಳಿಸಿದವಳಿಗೆ "ನಾರ್ಮಲ್ ಮೇಡಂ, ಐಸ್ ಇಡಿ" ಎಂದು ರಿಸೆಪ್ಷನಿಸ್ಟ್ ಟೈಪ್ ಮಾಡಿದರೆ, ಅದು ಚಿಕಿತ್ಸೆಯಲ್ಲ. ದುಡ್ಡು ತೆಗೆದುಕೊಂಡ ಕೈಯೇ ಫೋನ್ ಎತ್ತಬೇಕು. ಆ ರಾತ್ರಿ, ಆ ವಾರ, ಊತ ಇಳಿಯುವವರೆಗೆ. ದೂರದೂರಿನಿಂದ ಬಂದವಳನ್ನು ಚುಚ್ಚಿದ ಮರುಗಳಿಗೆ ಬಸ್ ಹತ್ತಿಸಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಹೆಸರನ್ನು, ಏನು ಚುಚ್ಚಿದಿರೆಂಬುದನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಿ.

ನೀವು ವೈದ್ಯರಲ್ಲದಿದ್ದರೆ? ಒಂದೆರಡು ದಿನದ ತರಬೇತಿ ಪಡೆದು, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಪಾರ್ಲರ್ ಕುರ್ಚಿಯಲ್ಲೇ ಸೂಜಿ ಹಿಡಿದವರಾಗಿದ್ದರೆ? ತಾಯಿ, ದಯವಿಟ್ಟು ಬಿಟ್ಟುಬಿಡಿ. ಹುಬ್ಬು ತಿದ್ದುವುದು ನಿಮ್ಮ ಕಸುಬು, ಅದಕ್ಕೆ ನನ್ನ ಗೌರವವಿದೆ, ಎಷ್ಟೋ ಹೆಣ್ಣುಮಕ್ಕಳು ಆ ಕುರ್ಚಿಯಿಂದ ಸಂಸಾರ ಎತ್ತಿ ನಿಲ್ಲಿಸಿದ್ದಾರೆ. ಫಿಲ್ಲರ್ ಮಾತ್ರ ಕ್ರೀಮ್ ಅಲ್ಲ. ನಮ್ಮ ದೇಶದಲ್ಲಿ ಅದು 2017ರ ವೈದ್ಯಕೀಯ ಸಾಧನ ನಿಯಮಗಳ ಕೆಳಗೆ ಬರುವ ವಸ್ತು. ಕರ್ನಾಟಕದಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಪ್ರತಿಯೊಂದು ಜಾಗವೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಆಗಿರಬೇಕು. ನಂಬರು ಇಲ್ಲದ ಬೋರ್ಡಿನ ಒಳಗೆ ಸೂಜಿ ಕಂಡರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು, ವೈದ್ಯರ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ದೂರು ಕೊಟ್ಟವಳ ಹೆಸರನ್ನು ಊರ ತುಂಬ ಹರಡದಿರುವ ಮರ್ಯಾದೆಯಾದರೂ ನಮ್ಮ ಕಚೇರಿಗಳಿಗೆ ಇರಲಿ.

ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿ, ಸಿಸ್ಟರ್‌ಗಳಲ್ಲಿ ನಾನು ಕೇಳುವುದು ಬೇರೆ. ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ಸುತ್ತ ಮರಗಟ್ಟಿಸುವ ಮದ್ದಿನ ಜೊತೆ ಬೆರೆಸುವುದು ಇದೇ ಹಯಲುರಾನಿಡೇಸನ್ನು, ಮದ್ದು ಬೇಗ ಹರಡಲಿ ಎಂದು. ಹಾಗಾಗಿ ಕಣ್ಣಿನ ವಿಭಾಗಕ್ಕೆ ಇದು ಹೊಸ ಹೆಸರೇ ಅಲ್ಲ. ಬೆಂಗಳೂರಿನ ಬ್ಯೂಟಿ ಕ್ಲಿನಿಕ್ಕಿನ ಅವಾಂತರ ನಮಗ್ಯಾಕೆ ಎನ್ನಬೇಡಿ. ಬೀಳಗಿಯಿಂದ ಬಂದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಸಾವಿರಾರು ಕಣ್ಣುಗಳನ್ನು ಉಳಿಸಿದ ನಾಡು ಇದು. ಕಣ್ಣು ಯಾಕೆ ಕೆಟ್ಟಿತು ಎಂಬ ವಿಚಾರಣೆಗೆ ಅವರು ಶಿಬಿರ ಹಾಕಲಿಲ್ಲ. ಹಾಗೆಂದು ಆಸ್ಪತ್ರೆಗಳ ಮೇಲಿನ ನಂಬಿಕೆ ಕುರುಡಾಗಿರಬೇಕಿಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಆದ ಹತ್ತಕ್ಕೂ ಹೆಚ್ಚು ಮಂದಿ ಸೋಂಕಿನಿಂದ ದೃಷ್ಟಿ ಕಳೆದುಕೊಂಡರು. ನೂರು ವರ್ಷ ದಾಟಿದ, ನುರಿತವರಿರುವ ಆಸ್ಪತ್ರೆಯಲ್ಲೇ ಇಂಥದ್ದು ಆಗಬಹುದಾದರೆ, ಪರದೆ ಕಟ್ಟಿದ ಮೂಲೆಯಲ್ಲಿ ಕೈಯನ್ನೂ ಸರಿಯಾಗಿ ತೊಳೆಯದೆ ಚುಚ್ಚುವವರ ಕೆಲಸ ಎಂಥದ್ದು ನೋಡಿ. ಅಂಥ ಕೈಯಿಂದ ತಪ್ಪಿಸಿಕೊಂಡು ನಿಮ್ಮ ಬಾಗಿಲಿಗೆ ಬಂದವಳಿಗೆ ಬುದ್ಧಿವಾದ ಹೇಳುವ ಮೊದಲು ಟಾರ್ಚ್ ಬಿಟ್ಟು ಕಣ್ಣು ನೋಡಿ, ಅಕ್ಷರದ ಹಲಗೆ ತೋರಿಸಿ. ನಿಮ್ಮಲ್ಲಿ ಆಗದಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಗೋ, ಬೆಳ್ಳೂರು ಕಡೆಯ ಆದಿಚುಂಚನಗಿರಿ ಆಸ್ಪತ್ರೆಗೋ, ಮಿಂಟೋಗೋ ಚೀಟಿ ಬರೆದು, ಅಲ್ಲಿಗೆ ಫೋನ್ ಮಾಡಿ ಕಳಿಸಿ.

ಮನೆಯವರಿಗೆ ಕೊನೆಯದಾಗಿ. ಗಂಡಂದಿರು, ಅತ್ತೆಯರು, ಅಣ್ಣಂದಿರು ಓದುತ್ತಿದ್ದರೆ ಕೇಳಿ: ಆಕೆ ಬಾಗಿಲು ತೆಗೆದು "ಅವ್ವಾ, ನಾನೊಂದು ಇಂಜೆಕ್ಷನ್ ಮಾಡಿಸ್ಕೊಂಡಿದ್ದೆ" ಎಂದರೆ, ಆ ಮಾತು ಹೊರಬರಲು ಆಕೆಗೆ ಎಷ್ಟು ಕಷ್ಟವಾಗಿರುತ್ತದೆಂದು ನಿಮಗೆ ಗೊತ್ತು. ಆ ಗಳಿಗೆ ದುಡ್ಡಿನ ಲೆಕ್ಕ ಕೇಳಬೇಡಿ. ಫೋಟೋ ತೆಗೆದು ಸಂಬಂಧಿಕರ ಗುಂಪಿಗೆ ಹಾಕಬೇಡಿ. ಗಂಟೆ ಎಷ್ಟೆಂದು ಬರೆದುಕೊಳ್ಳಿ, ಡಬ್ಬಿಯ ಚೀಟಿ ಹುಡುಕಿ, ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ. ಅಕ್ಷರ ಮಂಜಾಗಿದ್ದರೆ, ನೋವು ಹೆಚ್ಚುತ್ತಿದ್ದರೆ, ಚರ್ಮ ಬಿಳುಚಿದ್ದರೆ, ಉಸಿರು ಕಟ್ಟುತ್ತಿದ್ದರೆ ಬೆಳಗಾಗಲಿ ಎನ್ನಬೇಡಿ. ಸಂತೇಪೇಟೆಯಿಂದ ಕೊನೆಯ ಬಸ್ಸು ಹೋಗಿದ್ದರೂ 108ಕ್ಕೆ ಫೋನ್ ಹೋಗುತ್ತದೆ. ಯಾರಿಗೆ ಏನಾಗಿದೆ ಎಂದು ಅವರು ಕೇಳಿದಾಗ ಹುಳ ಕಚ್ಚಿತು ಎನ್ನದೆ, ಕಣ್ಣಿನ ಹತ್ತಿರ ಫಿಲ್ಲರ್ ಚುಚ್ಚಿಸಿದ್ದೇವೆ, ಇಷ್ಟು ಗಂಟೆಗೆ, ಎಂದು ಹೇಳಿ.